ತುಂಡಾದ ಪ್ಯಾಕೆಟ್‌ಗಳನ್ನು ಕರ್ನಲ್ ಒಳಗೆ ಜೋಡಿಸುವುದು ಹೇಗೆ: ಶಿರಸಿ, ಕುಮಟಾ, ಕಾರವಾರ ದಾರಿಯಲ್ಲಿ ಒಂದು ಸಮಗ್ರ ಮಾರ್ಗದರ್ಶಿ

ಶಿರಸಿ ಸುತ್ತಮುತ್ತಲ ಹಳ್ಳಿಗಳಲ್ಲಿ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು ಈಗ ಸುಮಾರು ಜನ ಇದ್ದಾರೆ. ಅವರಲ್ಲಿ ಹಲವರಿಗೆ ಬರುವ ತೊಂದರೆ ಒಂದೇ ಥರದ್ದು. ವಿಪಿಎನ್ ಸೇರುತ್ತದೆ, ಪಿಂಗ್ (ಆಚೆ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಸಂದೇಶ) ಬರುತ್ತದೆ, ಚಾಟ್ ನಡೆಯುತ್ತದೆ. ದೊಡ್ಡ ಫೈಲ್ ತೆರೆಯಲು ಹೋದರೆ ಮಾತ್ರ ಎಲ್ಲ ನಿಂತುಬಿಡುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ. ಇಂಥ ಕಡೆ ಎಷ್ಟೋ ಸಲ ಲೈನಿನಲ್ಲಿ ದೋಷ ಇರುವುದಿಲ್ಲ. ದಾರಿಯಲ್ಲಿ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಸಾಗುವ ಡೇಟಾದ ಕಟ್ಟು) ತುಂಡಾಗಿರುತ್ತದೆ, ಆ ತುಣುಕುಗಳು ಆಚೆ ತುದಿಯಲ್ಲಿ ಮತ್ತೆ ಒಂದಾಗಿರುವುದಿಲ್ಲ.

ತುಣುಕುಗಳನ್ನು ಒಂದು ಮಾಡುವ ಕೆಲಸ ಕರ್ನಲ್‌ನದ್ದು, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನದ್ದು. ಅದನ್ನು ಹೇಗೆ ಬರೆಯಬೇಕು, ಲಿನಕ್ಸ್ ಹೇಗೆ ಬರೆದಿದೆ, ಎಲ್ಲಿ ಎಡವುತ್ತದೆ ಎನ್ನುವುದು ಇಲ್ಲಿನ ವಿಷಯ. ಕಾಲೇಜಿನಲ್ಲಿ ಸಣ್ಣ ಕರ್ನಲ್ ಬರೆದು ಕಲಿಯುತ್ತಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಸಿ ಭಾಷೆ ಗೊತ್ತಿರಬೇಕು, ರೂಟ್ ಅನುಮತಿ ಇರುವ ಒಂದು ಲಿನಕ್ಸ್ ಯಂತ್ರ ಬೇಕು. ಅಷ್ಟು ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತುಣುಕುಗಳನ್ನು ಜೋಡಿಸುವ ಕೋಡ್ ಕಷ್ಟದ್ದಲ್ಲ, ಒಂದು ಸಂಜೆಯಲ್ಲಿ ಬರೆಯಬಹುದು. ಯಾವ ತುಣುಕನ್ನು ಬಿಸಾಡಬೇಕು, ಯಾವಾಗ ಬಿಸಾಡಬೇಕು ಎನ್ನುವ ಕೋಡ್ ಕಷ್ಟ. ಉಳಿದ ತುಣುಕು ಬಂದೇ ಬರುತ್ತದೆ ಎಂದು ನಂಬಿ ಕರ್ನಲ್ ತನ್ನ ಮೆಮೊರಿಯನ್ನು ಗುರುತು ಪರಿಚಯ ಇಲ್ಲದವರಿಗೆ ಎತ್ತಿಡುತ್ತದೆ. ಆ ನಂಬಿಕೆಗೆ ಮಿತಿ ಹಾಕುವುದೇ ಇಲ್ಲಿಯ ನಿಜವಾದ ಕೆಲಸ.

ಹಂತ 1: ಹೆಡರ್ ಓದಿ

ಇಂಟರ್ನೆಟ್ ಪ್ರೊಟೊಕಾಲ್‌ನ ಹಳೆ ಆವೃತ್ತಿಯಾದ ಐಪಿವಿ4ರ ನಿಯಮ 1981ರ ಆರ್‌ಎಫ್‌ಸಿ 791 ಎಂಬ ದಾಖಲೆಯಲ್ಲಿದೆ. ತುಂಡು ಮಾಡುವುದಕ್ಕೆ ಹೆಡರ್‌ನಲ್ಲಿ, ಅಂದರೆ ಪ್ಯಾಕೆಟ್‌ನ ಮುಂದಿರುವ ವಿವರದ ಭಾಗದಲ್ಲಿ, ಮೂರು ಜಾಗ ಇವೆ. ಮೊದಲನೆಯದು 16 ಬಿಟ್‌ನ ಗುರುತು ಸಂಖ್ಯೆ, ಅಂದರೆ ಐಡಿ. ಒಂದೇ ಪ್ಯಾಕೆಟ್‌ನಿಂದ ಹುಟ್ಟಿದ ಎಲ್ಲ ತುಣುಕುಗಳಿಗೂ ಐಡಿ ಒಂದೇ. ಎರಡನೆಯದು ಮೂರು ಫ್ಲ್ಯಾಗ್ ಬಿಟ್‌ಗಳು. ಅವುಗಳಲ್ಲಿ ಡಿಎಫ್ ಎಂದರೆ ತುಂಡು ಮಾಡಬೇಡಿ, ಎಂಎಫ್ ಎಂದರೆ ಇದರ ನಂತರ ಇನ್ನೂ ತುಣುಕು ಇದೆ. ಮೂರನೆಯದು 13 ಬಿಟ್‌ನ ಆಫ್‌ಸೆಟ್. ಈ ತುಣುಕು ಮೂಲ ಪ್ಯಾಕೆಟ್‌ನಲ್ಲಿ ಎಲ್ಲಿ ಕೂರಬೇಕು ಎಂದು ಅದು 8 ಬೈಟ್‌ಗಳ ಲೆಕ್ಕದಲ್ಲಿ ಹೇಳುತ್ತದೆ.

ನಮ್ಮ ಕಡೆ ಹಳೆ ಮನೆ ಬಿಚ್ಚಿ ಬೇರೆ ಕಡೆ ಕಟ್ಟುವಾಗ ಪ್ರತಿ ಕಂಬಕ್ಕೂ ತೊಲೆಗೂ ಗುರುತು ಹಾಕುತ್ತಾರಲ್ಲ, ಹಾಗೇ ಇದು. ಯಾವ ಮರ ಮೊದಲು ಬಂದು ಇಳಿದರೂ ಅದರ ಜಾಗ ಯಾವುದು ಎಂದು ಅದರ ಮೇಲೇ ಬರೆದಿರುತ್ತದೆ.

4000 ಬೈಟ್ ಡೇಟಾ ಇರುವ ಪಿಂಗ್ ಕಳಿಸಿದಿರಿ ಎಂದುಕೊಳ್ಳಿ. ಪಿಂಗ್ ಬಳಸುವ ಐಸಿಎಂಪಿ ಎಂಬ ಪ್ರೊಟೊಕಾಲ್‌ನ ಹೆಡರ್ 8 ಬೈಟ್ ಸೇರಿ 4008. ಲೈನಿನ ಎಂಟಿಯು, ಅಂದರೆ ಅದರಲ್ಲಿ ಒಂದೇ ಸಲಕ್ಕೆ ಹೋಗಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ, 1500 ಬೈಟ್. ಐಪಿ ಹೆಡರ್‌ಗೆ 20 ಹೋಗಿ ಒಂದು ತುಣುಕಿನಲ್ಲಿ 1480 ಬೈಟ್ ಹಿಡಿಯುತ್ತದೆ. ಹಾಗಾಗಿ 1480, 1480, 1048 ಎಂದು ಮೂರು ತುಣುಕು. ಅವುಗಳ ಆಫ್‌ಸೆಟ್ 0, 185, 370. ಮೊದಲ ಎರಡರಲ್ಲಿ ಎಂಎಫ್ ಹಾಕಿರುತ್ತದೆ, ಕೊನೆಯದರಲ್ಲಿ ಇರುವುದಿಲ್ಲ.

ಈ ಲೆಕ್ಕವನ್ನು ಒಂದು ಸಲ ಕಾಗದದ ಮೇಲೆ ನೀವೇ ಮಾಡಿ ನೋಡಿ. ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಹಂತ 2: ಒಂದೇ ಯಂತ್ರದಲ್ಲಿ ಮೂರು ಊರು

ಲೂಪ್‌ಬ್ಯಾಕ್‌ನಲ್ಲಿ (ಯಂತ್ರ ತನಗೆ ತಾನೇ ಕಳಿಸಿಕೊಳ್ಳುವ ಒಳದಾರಿ) ಇದನ್ನು ಪರೀಕ್ಷೆ ಮಾಡಲು ಹೋಗಬೇಡಿ. ಅದರ ಎಂಟಿಯು 65536, ಏನೂ ತುಂಡಾಗುವುದಿಲ್ಲ. ಅದರ ಬದಲು ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್ ಮಾಡಿಕೊಳ್ಳಿ, ಅಂದರೆ ಒಂದೇ ಯಂತ್ರದೊಳಗೆ ತಮ್ಮದೇ ನೆಟ್‌ವರ್ಕ್ ಇರುವ ಮೂರು ಕೋಣೆ. ಒಂದಕ್ಕೆ ಶಿರಸಿ, ನಡುವಿನದಕ್ಕೆ ಕುಮಟಾ, ಇನ್ನೊಂದಕ್ಕೆ ಕಾರವಾರ ಎಂದು ಹೆಸರಿಡಿ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿ, ಅಲ್ಲಿಂದ ಹೆದ್ದಾರಿ ಹಿಡಿದು ಕಾರವಾರಕ್ಕೆ ಹೋಗುವ ದಾರಿಯೇ ಇದು. ಯಾವ ಪ್ಯಾಕೆಟ್ ಎಲ್ಲಿದೆ ಎನ್ನುವುದು ತಲೆಯಲ್ಲಿ ಸುಲಭವಾಗಿ ನಿಲ್ಲುತ್ತದೆ.

ಎರಡು ವೆತ್ ಜೋಡಿಗಳಿಂದ (ಸಾಫ್ಟ್‌ವೇರ್‌ನಲ್ಲೇ ಇರುವ ನೆಟ್‌ವರ್ಕ್ ಕೇಬಲ್‌ಗಳು) ಇವನ್ನು ಜೋಡಿಸಿ. ಶಿರಸಿ ಕುಮಟಾ ನಡುವೆ ಎಂಟಿಯು 1500 ಇರಲಿ. ಕುಮಟಾ ಕಾರವಾರ ನಡುವೆ ಎರಡೂ ತುದಿಗೆ 1400 ಹಾಕಿ. ಕುಮಟಾದಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಿ, ಎರಡೂ ತುದಿಯಲ್ಲಿ ಕುಮಟಾ ಮೂಲಕ ರೂಟ್ ಬರೆಯಿರಿ. ಕಡಿಮೆ ಎಂಟಿಯು ಕೃತಕ ಅನಿಸಬಹುದು, ಆದರೆ ಮನೆಯ ಲೈನುಗಳಲ್ಲಿ ಇದು ದಿನನಿತ್ಯದ ಸಂಗತಿ. ಪಿಪಿಪಿಒಇ ಬಳಸುವ ಬ್ರಾಡ್‌ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ 1492 ಇರುತ್ತದೆ. ವೈರ್‌ಗಾರ್ಡ್ ಎಂಬ ವಿಪಿಎನ್‌ನ ಟನಲ್ ಹಾಕಿದರೆ ಮಾಮೂಲಿಯಾಗಿ 1420.

ಈಗ ಶಿರಸಿಯಿಂದ ಕಾರವಾರಕ್ಕೆ 4000 ಬೈಟ್‌ನ ಪಿಂಗ್ ಕಳಿಸಿ. ಡಿಎಫ್ ಬೇಡ ಎನ್ನುವ ಆಯ್ಕೆಯನ್ನೂ ಕೊಡಿ. ಕಾರವಾರದಲ್ಲಿ, ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡುತ್ತಿರಲಿ. ಫಿಲ್ಟರ್ ಹೀಗೆ ಬರೆಯಿರಿ: ಐಪಿ ಹೆಡರ್‌ನ 6ನೇ ಬೈಟ್‌ನಿಂದ ಎರಡು ಬೈಟ್ ತೆಗೆದು 16383 ಜೊತೆ ಆ್ಯಂಡ್ ಮಾಡಿದಾಗ ಸೊನ್ನೆ ಬರದಿದ್ದರೆ ಅದು ತುಣುಕು. ಎಂಎಫ್ ಬಿಟ್ ಮತ್ತು 13 ಆಫ್‌ಸೆಟ್ ಬಿಟ್ ಎರಡನ್ನೂ ಆ ಸಂಖ್ಯೆ ಹಿಡಿಯುತ್ತದೆ. ವಿವರವಾಗಿ ತೋರಿಸುವ ಆಯ್ಕೆ ಕೊಟ್ಟಾಗ ಟಿಸಿಪಿಡಂಪ್ ಆಫ್‌ಸೆಟ್ ಅನ್ನು ಬೈಟ್‌ಗಳಲ್ಲಿ ತೋರಿಸುತ್ತದೆ, 8ರ ಲೆಕ್ಕದಲ್ಲಿ ಅಲ್ಲ. ಇದನ್ನು ಮರೆಯಬೇಡಿ.

ಕಾರವಾರಕ್ಕೆ ಬಂದಿದ್ದು ಮೂರಲ್ಲ, ಐದು ತುಣುಕು. ಯಾಕೆ? ಕುಮಟಾಕ್ಕೆ 1480 ಬೈಟ್ ಡೇಟಾ ಹೊತ್ತ ತುಣುಕು ಬಂತು. ಮುಂದಿನ ಲೈನಿನಲ್ಲಿ 1400ಕ್ಕಷ್ಟೇ ಜಾಗ. ಹೆಡರ್ ಕಳೆದು 1380. ಕೊನೆಯದಲ್ಲದ ತುಣುಕಿನ ಉದ್ದ 8ರಿಂದ ಭಾಗವಾಗಬೇಕು, ಹಾಗಾಗಿ 1376ಕ್ಕೆ ಇಳಿಯಿತು. ಉಳಿದ 104 ಬೈಟ್ ಬೇರೆ ತುಣುಕಾಯಿತು. ಎರಡನೆಯದಕ್ಕೂ ಇದೇ ಗತಿ. 1048ರದ್ದು ಹಾಗೇ ದಾಟಿತು.

ಕಾರವಾರದ ಉತ್ತರ ಮಾತ್ರ ಮೂರೇ ತುಣುಕಾಗಿ ವಾಪಸ್ ಬರುತ್ತದೆ: 1376, 1376, 1256. ಅಲ್ಲಿ ಮೊದಲೇ 1400 ಗೊತ್ತಿತ್ತು. ಹೋಗುವ ದಾರಿಗೂ ಬರುವ ದಾರಿಗೂ ತುಣುಕಿನ ಲೆಕ್ಕ ಬೇರೆ ಎನ್ನುವುದನ್ನು ಕಣ್ಣಾರೆ ನೋಡಿದ ಮೇಲೆ, ಎಷ್ಟು ತುಣುಕು ಬರಬಹುದು ಎಂದು ಮುಂಚೆಯೇ ಊಹಿಸುವ ಕೋಡನ್ನು ಯಾರೂ ಬರೆಯಲಾರರು. ಮಳೆಗಾಲದಲ್ಲಿ ಗುಡ್ಡ ಕುಸಿದು ಒಂದು ಕೇಬಲ್ ತುಂಡಾದರೆ ಟ್ರಾಫಿಕ್ ಬೇರೆ ದಾರಿ ಹಿಡಿಯುತ್ತದೆ, ಆ ದಾರಿಯ ಎಂಟಿಯು ಬೇರೆ ಇರಬಹುದು. ಒಂದೇ ಸಂಪರ್ಕದ ನಡುವೆಯೇ ಲೆಕ್ಕ ಬದಲಾಗಬಹುದು.

ಹಂತ 3: ತುಣುಕು ಇಡಲು ಜಾಗ

ಐಪಿವಿ4ರಲ್ಲಿ ನಡುವಿನ ರೂಟರ್ ಜೋಡಿಸುವುದಿಲ್ಲ, ಕೊನೆಯ ಯಂತ್ರ ಜೋಡಿಸುತ್ತದೆ. ಲಿನಕ್ಸ್‌ನಲ್ಲಿ ಪ್ಯಾಕೆಟ್ ತನಗೇ ಬಂದದ್ದು ಎಂದು ಗೊತ್ತಾದ ಮೇಲೆ, ಅದು ತುಣುಕಾಗಿದ್ದರೆ ಐಪಿ ಡಿಫ್ರಾಗ್ ಎಂಬ ಫಂಕ್ಷನ್‌ಗೆ ಹೋಗುತ್ತದೆ. ಐಪಿಯ ಮೇಲೆ ಕೂರುವ ಟಿಸಿಪಿ, ಯುಡಿಪಿ ಪ್ರೊಟೊಕಾಲ್‌ಗಳಿಗೆ ತುಣುಕಿನ ಸುದ್ದಿಯೇ ಗೊತ್ತಾಗುವುದಿಲ್ಲ.

ಪ್ರತಿ ಮೂಲ ಪ್ಯಾಕೆಟ್‌ಗೆ ಒಂದು ಕ್ಯೂ ಬೇಕು. ಕಳಿಸಿದವರ ವಿಳಾಸ, ತಲುಪಬೇಕಾದ ವಿಳಾಸ, ಐಡಿ, ಪ್ರೊಟೊಕಾಲ್ ಈ ನಾಲ್ಕೂ ಸೇರಿ ಅದರ ಕೀಲಿ. ಲಿನಕ್ಸ್ ಇನ್ನೂ ಎರಡು ಸೇರಿಸುತ್ತದೆ: ಕರ್ನಲ್‌ನ ಯಾವ ಭಾಗಕ್ಕಾಗಿ ಜೋಡಿಸುತ್ತಿದ್ದೇವೆ ಎನ್ನುವುದು ಮತ್ತು ವಿಆರ್‌ಎಫ್ (ಒಂದೇ ಯಂತ್ರದಲ್ಲಿ ಬೇರೆ ಬೇರೆ ರೂಟಿಂಗ್ ಟೇಬಲ್) ಸಂಬಂಧದ ಒಂದು ಸಂಖ್ಯೆ. ಕೀಲಿಯನ್ನು ಹ್ಯಾಶ್ ಟೇಬಲ್‌ನಲ್ಲಿ ಹುಡುಕಿ. ಹ್ಯಾಶ್‌ಗೆ ಬೂಟ್ ಆದಾಗ ಹುಟ್ಟಿಸಿದ ಒಂದು ಗುಟ್ಟಿನ ಸಂಖ್ಯೆ ಬೆರೆಸಲೇಬೇಕು. ಇಲ್ಲದಿದ್ದರೆ ಹೊರಗಿನವರು ಎಲ್ಲ ಕ್ಯೂಗಳೂ ಒಂದೇ ಬಕೆಟ್‌ಗೆ ಬೀಳುವ ಹಾಗೆ ಐಡಿ ಆರಿಸಿ ಕಳಿಸುತ್ತಾರೆ, ನಿಮ್ಮ ಹುಡುಕಾಟ ಆಮೆ ನಡಿಗೆಯಾಗುತ್ತದೆ.

ಕ್ಯೂ ಒಳಗೆ ಇಷ್ಟು ಇರಲಿ: ಬಂದ ತುಣುಕುಗಳು, ಇಲ್ಲಿಯವರೆಗೆ ಬಂದ ಬೈಟ್‌ಗಳ ಮೊತ್ತ, ಒಟ್ಟು ಉದ್ದ, ಮೊದಲ ತುಣುಕು ಬಂತೇ, ಕೊನೆಯದು ಬಂತೇ, ಕೆಲಸ ಮುಗಿಯಿತೇ ಎನ್ನುವ ಮೂರು ಗುರುತು, ಒಂದು ಲಾಕ್, ಒಂದು ಟೈಮರ್, ಒಂದು ರೆಫರೆನ್ಸ್ ಲೆಕ್ಕ (ಈ ಕ್ಯೂವನ್ನು ಎಷ್ಟು ಕಡೆ ಹಿಡಿದಿದ್ದಾರೆ ಎನ್ನುವ ಎಣಿಕೆ). ಒಟ್ಟು ಉದ್ದ ಕೊನೆಯ ತುಣುಕು ಬಂದಾಗಲೇ ಖಚಿತ. ಮೊದಲನೆಯದೂ ಕೊನೆಯದೂ ಬಂದು, ಬೈಟ್‌ಗಳ ಮೊತ್ತ ಒಟ್ಟು ಉದ್ದಕ್ಕೆ ಸಮ ಆದರೆ ಪ್ಯಾಕೆಟ್ ಪೂರ್ತಿ. ತುಣುಕುಗಳು ಒಂದರ ಮೇಲೊಂದು ಬೀಳುವುದಿಲ್ಲ ಎಂದು ಖಾತ್ರಿ ಇದ್ದರೆ ಮಾತ್ರ ಈ ಸುಲಭದ ಲೆಕ್ಕ ಸರಿ. ಅದನ್ನು ಖಾತ್ರಿ ಮಾಡುವುದೇ ಮುಂದಿನ ಹಂತ.

ಹಂತ 4: ತುಣುಕನ್ನು ಅನುಮಾನದಿಂದ ನೋಡಿ

ಇಲ್ಲಿ ಅವಸರ ಬೇಡ. ದಶಕಗಳ ಕಾಲ ಯಂತ್ರಗಳು ಬಿದ್ದಿದ್ದು ಇದೇ ಜಾಗದಲ್ಲಿ.

ಮೊದಲು ಉದ್ದ. ಐಪಿ ಹೆಡರ್ ಹೇಳುವ ಒಟ್ಟು ಉದ್ದದಿಂದ ಹೆಡರ್‌ನ ಉದ್ದ ಕಳೆಯಿರಿ. ನೆಟ್‌ವರ್ಕ್ ಕಾರ್ಡ್‌ನಿಂದ ಬಂದ ಬಫರ್‌ನ ಉದ್ದವನ್ನು ನಂಬಬೇಡಿ. ಈಥರ್ನೆಟ್ ಫ್ರೇಮ್ 46 ಬೈಟ್‌ಗಿಂತ ಕಡಿಮೆ ಡೇಟಾ ಒಯ್ಯುವುದಿಲ್ಲ, ಕಡಿಮೆ ಬಿದ್ದರೆ ಹಿಂದೆ ಸುಮ್ನೆ ತುಂಬಿಸಿರುತ್ತದೆ. ಸಣ್ಣ ಕೊನೆಯ ತುಣುಕಿನಲ್ಲಿ ಆ ತುಂಬಿಸಿದ ಬೈಟ್‌ಗಳನ್ನೂ ಡೇಟಾ ಎಂದು ಲೆಕ್ಕ ಹಾಕಿದರೆ ಪ್ಯಾಕೆಟ್ ಕೆಟ್ಟುಹೋಗುತ್ತದೆ. ದೊಡ್ಡ ತುಣುಕುಗಳಿಂದ ಮಾತ್ರ ಪರೀಕ್ಷಿಸುವವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಎರಡನೆಯದು, ಎಂಎಫ್ ಇದ್ದೂ ಉದ್ದ 8ರಿಂದ ಭಾಗವಾಗದಿದ್ದರೆ ಏನು? ಐಪಿವಿ4ರಲ್ಲಿ ಲಿನಕ್ಸ್ ಹೆಚ್ಚಿನ ಬೈಟ್‌ಗಳನ್ನು ಕತ್ತರಿಸುತ್ತದೆ. ಹೊಸ ಆವೃತ್ತಿಯಾದ ಐಪಿವಿ6ರಲ್ಲಿ ಬಿಸಾಡಿ, ಕಳಿಸಿದವರಿಗೆ ತಪ್ಪು ತಿಳಿಸುತ್ತದೆ. ಹೊಸದಾಗಿ ಬರೆಯುವವರು ಎರಡರಲ್ಲೂ ಬಿಸಾಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಡೇಟಾ ಇಲ್ಲದ ಖಾಲಿ ತುಣುಕನ್ನಂತೂ ಇಟ್ಟುಕೊಳ್ಳಲೇಬೇಡಿ.

ಮೂರನೆಯದು ಮೇಲ್ಮಿತಿ. ಆಫ್‌ಸೆಟ್‌ನ ಅತಿ ದೊಡ್ಡ ಬೆಲೆ 8191, ಅಂದರೆ 65528ನೇ ಬೈಟ್. ಅಲ್ಲಿ 100 ಬೈಟ್‌ನ ತುಣುಕು ಇಟ್ಟರೆ ಪ್ಯಾಕೆಟ್ 65535 ದಾಟಿಹೋಗುತ್ತದೆ. 1990ರ ದಶಕದಲ್ಲಿ ಹೆಸರು ಮಾಡಿದ ಪಿಂಗ್ ಆಫ್ ಡೆತ್ ಇದೇ. ಹೆಡರ್, ಆಫ್‌ಸೆಟ್, ಉದ್ದ ಮೂರೂ ಕೂಡಿಸಿ ನೋಡಿ. 16 ಬಿಟ್‌ನ ಸಂಖ್ಯೆಯಲ್ಲಿ ಕೂಡಿಸಿದರೆ ಮೊತ್ತ ಸುತ್ತು ಹೊಡೆದು ಚಿಕ್ಕದಾಗಿ ಕಾಣುತ್ತದೆ, 32 ಬಿಟ್‌ನಲ್ಲೇ ಕೂಡಿಸಿ.

ನಾಲ್ಕನೆಯದು ಕೊನೆಯ ತುಣುಕಿನ ಮಾತಿಗೆ ವಿರುದ್ಧವಾದ ಸಂಗತಿ. ಒಟ್ಟು ಉದ್ದ 4008 ಎಂದು ಗೊತ್ತಾದ ಮೇಲೆ 4008 ದಾಟುವ ತುಣುಕು ಬಂದರೆ, ಅಥವಾ ಬೇರೆ ಜಾಗದಲ್ಲಿ ಮುಗಿಯುವ ಇನ್ನೊಂದು ಕೊನೆಯ ತುಣುಕು ಬಂದರೆ, ಒಂದು ಸುಳ್ಳು ಹೇಳುತ್ತಿದೆ. ಬಿಸಾಡಿ.

ಐದನೆಯದು ಒಂದರ ಮೇಲೊಂದು ಬೀಳುವ ತುಣುಕು. 1997ರ ಟಿಯರ್‌ಡ್ರಾಪ್ ದಾಳಿಯ ಕಥೆ ತಿಳಿದಿರಲಿ. ಆಗ ಕೋಡ್ ಅತಿಯಾಗಿ ಉದಾರವಾಗಿತ್ತು. ಎರಡನೇ ತುಣುಕು ಮೊದಲನೆಯದರ ಮೇಲೆ ಬಿದ್ದರೆ, ಬಿದ್ದಷ್ಟು ಭಾಗ ಕತ್ತರಿಸಿ ಉಳಿದದ್ದನ್ನು ಇಟ್ಟುಕೊಳ್ಳುತ್ತಿತ್ತು. ಎರಡನೆಯದು ಪೂರ್ತಿ ಮೊದಲನೆಯದರ ಒಳಗೇ ಇದ್ದರೆ? ಕತ್ತರಿಸಿದ ಮೇಲೆ ಉಳಿದ ಉದ್ದ ಸೊನ್ನೆಗಿಂತ ಕಡಿಮೆ. ಆ ಋಣ ಸಂಖ್ಯೆ ಕಾಪಿ ಮಾಡುವ ಫಂಕ್ಷನ್‌ಗೆ ಹೋದಾಗ ಅದು ಭಾರೀ ದೊಡ್ಡ ಸಂಖ್ಯೆಯಾಗಿ ಕಂಡಿತು, ಯಂತ್ರ ಬಿತ್ತು. ಲಿನಕ್ಸ್ 2.0.32ರಲ್ಲಿ ಇದು ಸರಿಯಾಯಿತು. ವಿಂಡೋಸ್ 95 ಮತ್ತು ಎನ್‌ಟಿ ಕೂಡ ಇದೇ ಏಟಿಗೆ ಬಿದ್ದಿದ್ದವು.

ಹಾಗಾದರೆ ಸರಿಯಾಗಿ ಕತ್ತರಿಸಿದರೆ ಸಾಕೇ? ಸಾಲದು. ಒಂದೇ ಜಾಗಕ್ಕೆ ಎರಡು ಬೇರೆ ಡೇಟಾ ಬಂದಾಗ ಫೈರ್‌ವಾಲ್ ಮೊದಲನೆಯದನ್ನು ಆರಿಸಿ, ನಿಮ್ಮ ಕರ್ನಲ್ ಎರಡನೆಯದನ್ನು ಆರಿಸಿದರೆ ಫೈರ್‌ವಾಲ್ ನೋಡದ ಡೇಟಾ ಒಳಗೆ ಬಂದಹಾಗಾಯಿತು. ಐಪಿವಿ6ರಲ್ಲಿ 2009ರ ಆರ್‌ಎಫ್‌ಸಿ 5722 ಇದನ್ನು ನಿಷೇಧಿಸಿತು. ಐಪಿವಿ4ರಲ್ಲೂ ಲಿನಕ್ಸ್ 4.19ರಿಂದ ಇಂಥ ತುಣುಕು ಬಂದರೆ ಇಡೀ ಕ್ಯೂ ಬಿಸಾಡುತ್ತದೆ. ನೀವೂ ಹಾಗೇ ಮಾಡಿ. ಒಂದೇ ಒಂದು ವಿನಾಯಿತಿ ಕೊಡಬಹುದು: ನೆಟ್‌ವರ್ಕ್ ತಾನೇ ಎರಡು ಸಲ ತಂದ, ಹಳೆಯದರ ಒಳಗೇ ಪೂರ್ತಿ ಕೂರುವ ನಕಲು. ಅದನ್ನು ಮಾತ್ರ ಬಿಸಾಡಿ, ಕ್ಯೂ ಉಳಿಸಿಕೊಳ್ಳಿ.

ಹಂತ 5: ಜೋಡಿಸುವುದು

ಇದು ಬೇಗ ಮುಗಿಯುತ್ತದೆ. ಎಲ್ಲ ಡೇಟಾವನ್ನು ಹೊಸ ದೊಡ್ಡ ಬಫರ್‌ಗೆ ಕಾಪಿ ಮಾಡಬೇಕಿಲ್ಲ. ಮೊದಲ ತುಣುಕನ್ನು ತಲೆಯಾಗಿ ಇಟ್ಟು ಉಳಿದವನ್ನು ಅದರ ಹಿಂದೆ ಸರಪಳಿ ಮಾಡಿ, ಲಿನಕ್ಸ್ ಮಾಡುವುದೂ ಹೀಗೇ. ಹೆಡರ್‌ನಲ್ಲಿ ಎಂಎಫ್ ಮತ್ತು ಆಫ್‌ಸೆಟ್ ಅಳಿಸಿ, ಒಟ್ಟು ಉದ್ದ ಹೊಸದಾಗಿ ಬರೆದು, ಚೆಕ್‌ಸಮ್ (ಬೈಟ್‌ಗಳು ಕೆಟ್ಟಿವೆಯೇ ಎಂದು ನೋಡುವ ಸಂಖ್ಯೆ) ಮತ್ತೆ ಲೆಕ್ಕ ಹಾಕಿ. ಇಸಿಎನ್ ಬಿಟ್‌ಗಳನ್ನೂ ಗಮನಿಸಿ. ದಟ್ಟಣೆ ಇದೆ ಎಂದು ಯಾವುದಾದರೂ ತುಣುಕಿಗೆ ರೂಟರ್ ಗುರುತು ಹಾಕಿದ್ದರೆ ಜೋಡಿಸಿದ ಪ್ಯಾಕೆಟ್‌ನಲ್ಲೂ ಅದು ಉಳಿಯಬೇಕು.

ಲಾಕ್ ವಿಷಯದಲ್ಲಿ ಮಾತ್ರ ನಿಧಾನ ಮಾಡಿ. ಕೊನೆಯ ತುಣುಕು ಒಂದು ಸಿಪಿಯುನಲ್ಲಿ ಬರುತ್ತಿರುವಾಗಲೇ ಇನ್ನೊಂದರಲ್ಲಿ ಟೈಮರ್ ಹೊಡೆಯಬಹುದು. ಲಾಕ್ ಹಿಡಿದ ಮೇಲೆ ಮೊದಲ ಕೆಲಸ, ಈ ಕ್ಯೂನ ಕೆಲಸ ಆಗಲೇ ಮುಗಿದಿದೆಯೇ ಎಂದು ನೋಡುವುದು. ಮುಗಿದಿದ್ದರೆ ಕೈ ಬಿಡಿ. ಟೈಮರ್‌ಗೂ ಕ್ಯೂ ಮೇಲೆ ಒಂದು ರೆಫರೆನ್ಸ್ ಇರಬೇಕು. ಟೈಮರ್ ಹೊಡೆಯುವ ಮುಂಚೆ ಅದನ್ನು ನಿಲ್ಲಿಸಲು ಆದರೆ ಆ ರೆಫರೆನ್ಸ್ ನೀವು ಬಿಡಬೇಕು, ಆಗದಿದ್ದರೆ ಟೈಮರ್ ಫಂಕ್ಷನ್ನೇ ಬಿಡುತ್ತದೆ. ಇದು ತಪ್ಪಿದರೆ ಬಿಟ್ಟ ಮೆಮೊರಿಯನ್ನೇ ಮತ್ತೆ ಮುಟ್ಟುತ್ತೀರಿ. ಅದೂ ಯಾವಾಗಲೋ ಒಮ್ಮೆ, ಹಿಡಿಯಲು ಆಗದ ಹಾಗೆ.

ಹಂತ 6: ಎಷ್ಟು ಹೊತ್ತು, ಎಷ್ಟು ಜಾಗ

ಲಿನಕ್ಸ್‌ನಲ್ಲಿ ಐಪಿವಿ4 ಕ್ಯೂ 30 ಸೆಕೆಂಡ್ ಕಾಯುತ್ತದೆ, ಐಪಿವಿ6ದು 60. ಕ್ಯೂ ಹುಟ್ಟಿದಾಗ ಟೈಮರ್ ಶುರು ಮಾಡಿ. ಹೊಸ ತುಣುಕು ಬಂದಾಗಲೆಲ್ಲ ಮೊದಲಿಂದ ಎಣಿಸಬೇಡಿ. ಹಾಗೆ ಮಾಡಿದರೆ ಆಗಾಗ ಒಂದು ತುಣುಕು ಕಳಿಸಿ ನಿಮ್ಮ ಜಾಗವನ್ನು ತುಂಬಾ ಹೊತ್ತು ಹಿಡಿದಿಡಬಹುದು. ಸಮಯ ಮುಗಿದಾಗ ಐಸಿಎಂಪಿ ಟೈಪ್ 11, ಕೋಡ್ 1 ಕಳಿಸಿ. ಆದರೆ ಮೊದಲ ತುಣುಕು ಬಂದಿದ್ದರೆ ಮಾತ್ರ. ಪೋರ್ಟ್ ಸಂಖ್ಯೆ ಇರುವುದು ಅದರಲ್ಲೇ, ಅದಿಲ್ಲದೆ ಕಳಿಸಿದವರಿಗೆ ಯಾವ ಪ್ರೋಗ್ರಾಂ ಎಂದು ಗೊತ್ತಾಗುವುದಿಲ್ಲ.

ಜಾಗಕ್ಕೆ ಲಿನಕ್ಸ್‌ನ ಮಾಮೂಲಿ ಮೇಲ್ಮಿತಿ 4 ಎಂಬಿ. ಲೆಕ್ಕ ಹಾಕುವಾಗ ಡೇಟಾ ಬೈಟ್ ಎಣಿಸಬೇಡಿ, ಬಫರ್ ನಿಜವಾಗಿ ಹಿಡಿದ ಮೆಮೊರಿ ಎಣಿಸಿ. 8 ಬೈಟ್‌ನ ತುಣುಕು ಕೂಡ ಕರ್ನಲ್‌ನಲ್ಲಿ ನೂರಾರು ಬೈಟ್ ತಿನ್ನುತ್ತದೆ. ಮಿತಿ ಮುಟ್ಟಿದಾಗ ಹಳೆಯದನ್ನು ತೆಗೆಯಬೇಕೋ ಹೊಸದನ್ನು ನಿರಾಕರಿಸಬೇಕೋ? ಮೊದಲು ಲಿನಕ್ಸ್ ಹಳೆಯದನ್ನು ತೆಗೆಯುತ್ತಿತ್ತು. 4.17ರಿಂದ ಹೊಸ ಕ್ಯೂ ಮಾಡುವುದಿಲ್ಲ. ಹಳೆಯದನ್ನು ಹುಡುಕಿ ತೆಗೆಯುವುದಕ್ಕೂ ಸಿಪಿಯು ಬೇಕು, ದಾಳಿಯ ಹೊತ್ತಲ್ಲಿ ಆ ಖರ್ಚೇ ಹೊರೆ. ಹೊಸ ರೀತಿಯಲ್ಲೂ ನಷ್ಟ ಇದೆ, ಸುಳ್ಳು ತುಣುಕು ಜಾಗ ತುಂಬಿದರೆ ನಿಜವಾದವಕ್ಕೆ ಬಾಗಿಲು ಮುಚ್ಚುತ್ತದೆ. ಆದರೆ ಆಗಲೂ ಯಂತ್ರ ನಿಲ್ಲುವುದಿಲ್ಲ, ಬೇರೆ ಕೆಲಸ ನಡೆಯುತ್ತದೆ.

ಮೆಮೊರಿ ಮಿತಿ ಒಂದೇ ಸಾಲದು ಎಂದು 2018ರ ಫ್ರಾಗ್ಮೆಂಟ್‌ಸ್ಮ್ಯಾಕ್ ಎಂಬ ದೋಷ ತೋರಿಸಿತು. ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2018-5391. ಹಿಂದೆ ತುಣುಕುಗಳು ಉದ್ದದ ಪಟ್ಟಿಯಲ್ಲಿ ಇರುತ್ತಿದ್ದವು. ಕ್ರಮ ತಪ್ಪಿಸಿ ಸಣ್ಣ ಸಣ್ಣ ತುಣುಕು ಕಳಿಸಿದರೆ ಪ್ರತಿಯೊಂದರ ಜಾಗ ಹುಡುಕಲು ಇಡೀ ಪಟ್ಟಿ ನಡೆಯಬೇಕು. ಸ್ವಲ್ಪವೇ ಟ್ರಾಫಿಕ್‌ನಿಂದ ಸಿಪಿಯು ಪೂರ್ತಿ ತುಂಬಿಹೋಗುತ್ತಿತ್ತು. ಆಮೇಲೆ ಪಟ್ಟಿಯ ಜಾಗಕ್ಕೆ ರೆಡ್ ಬ್ಲ್ಯಾಕ್ ಟ್ರೀ (ಬೇಗ ಹುಡುಕಲು ಆಗುವ ಮರದಂಥ ರಚನೆ) ಬಂತು. ನಿಮ್ಮ ಸಣ್ಣ ಕರ್ನಲ್‌ಗೆ ಟ್ರೀ ಬೇಡ ಅನಿಸಿದರೆ, ಒಂದು ಕ್ಯೂನಲ್ಲಿ ಇಂತಿಷ್ಟೇ ತುಣುಕು ಎಂದು ಮಿತಿ ಹಾಕಿ. ಎರಡೂ ಇಲ್ಲದೆ ಬಿಡಬೇಡಿ.

ಇನ್ನೊಂದು ಅಪಾಯಕ್ಕೆ ದಾಳಿಕೋರರೇ ಬೇಕಿಲ್ಲ. ಐಡಿ 16 ಬಿಟ್, ಅಂದರೆ 65536 ಸಂಖ್ಯೆ. 1 ಗಿಗಾಬಿಟ್ ಲೈನಿನಲ್ಲಿ 1500 ಬೈಟ್‌ನ ಪ್ಯಾಕೆಟ್ ಸೆಕೆಂಡಿಗೆ ಸುಮಾರು 83 ಸಾವಿರ ಹೋಗುತ್ತವೆ. ಒಂದೇ ಜೋಡಿ ಯಂತ್ರಗಳ ನಡುವೆ ಸೆಕೆಂಡಿನೊಳಗೇ ಐಡಿ ಒಂದು ಸುತ್ತು ಬರಬಹುದು. ನಾವೋ 30 ಸೆಕೆಂಡ್ ಕಾಯುತ್ತಿದ್ದೇವೆ. ಹಳೆ ಪ್ಯಾಕೆಟ್‌ನ ತುಣುಕಿಗೆ ಹೊಸದರ ತುಣುಕು ಅಂಟಿಕೊಳ್ಳಬಹುದು, ಅಲ್ವಾ? ಹೆಚ್ಚಿನವನ್ನು ಯುಡಿಪಿ ಚೆಕ್‌ಸಮ್ ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ. ಒಂದೇ ಮೂಲದಿಂದ ನಡುವೆ 64ಕ್ಕಿಂತ ಜಾಸ್ತಿ ತುಣುಕು ಬಂದುಹೋಗಿದ್ದರೆ ಹಳೆ ಅರೆಬರೆ ಕ್ಯೂ ಬಿಸಾಡುವ ನಿಯಮ ಲಿನಕ್ಸ್‌ನಲ್ಲಿ ಇರುವುದು ಇದಕ್ಕೇ. ವೇಗದ ಲೈನಿನಲ್ಲಿ ಯುಡಿಪಿ ಮೇಲೆ ದೊಡ್ಡ ಡೇಟಾ ಸಾಗಿಸುವವರು ಕಾಯುವ ಸಮಯವನ್ನೂ ಇಳಿಸಬೇಕು.

ಹಂತ 7: ನಡುವಿನ ರೂಟರ್ ಮತ್ತು ಐಪಿವಿ6

ರೂಟರ್ ಜೋಡಿಸುವುದಿಲ್ಲ ಎಂದೆ. ಎನ್‌ಎಟಿ (ಪ್ಯಾಕೆಟ್‌ನ ವಿಳಾಸ ಬದಲಿಸುವುದು) ಅಥವಾ ಫೈರ್‌ವಾಲ್ ಇದ್ದರೆ ಜೋಡಿಸಲೇಬೇಕಾಗುತ್ತದೆ, ಯಾಕೆಂದರೆ ಎರಡನೇ ತುಣುಕಿನಿಂದಾಚೆ ಪೋರ್ಟ್ ಸಂಖ್ಯೆಯೇ ಇಲ್ಲ. ಕುಮಟಾದಲ್ಲಿ ಕನೆಕ್ಷನ್ ಟ್ರ್ಯಾಕಿಂಗ್ (ಪ್ರತಿ ಸಂಪರ್ಕದ ಜಾಡು ಇಡುವುದು) ಬೇಡುವ ಒಂದು ಫೈರ್‌ವಾಲ್ ನಿಯಮ ಹಾಕಿ ಅದೇ ಪಿಂಗ್ ಮತ್ತೆ ಕಳಿಸಿ. ಕಾರವಾರಕ್ಕೆ ಈಗ ಐದರ ಬದಲು ಮೂರೇ ತುಣುಕು ಬರುತ್ತವೆ. ಕುಮಟಾ ಎಲ್ಲವನ್ನೂ ಕೂಡಿಸಿ, ನೋಡಿ, 1400ರ ಅಳತೆಗೆ ಹೊಸದಾಗಿ ತುಂಡು ಮಾಡಿದೆ.

ಐಪಿವಿ6ರಲ್ಲಿ ರೂಟರ್ ತುಂಡು ಮಾಡುವುದೇ ಇಲ್ಲ. ದೊಡ್ಡದಾದರೆ ಬಿಸಾಡಿ, ಪ್ಯಾಕೆಟ್ ದೊಡ್ಡದಾಯಿತು ಎಂದು ಐಸಿಎಂಪಿವಿ6 ಟೈಪ್ 2 ಸಂದೇಶ ಕಳಿಸುತ್ತದೆ. ಕಳಿಸಿದವರೇ ತುಂಡು ಮಾಡಬೇಕು. ಅದಕ್ಕೆ 8 ಬೈಟ್‌ನ ಬೇರೆ ಹೆಡರ್, 32 ಬಿಟ್‌ನ ಐಡಿ. ಎಂಟಿಯು 1280ಕ್ಕಿಂತ ಕೆಳಗೆ ಇರುವಂತಿಲ್ಲ. ಲೇಖನದ ಮೊದಲಿಗೆ ಹೇಳಿದ ವಿಪಿಎನ್ ತೊಂದರೆಗೆ ಮರಳಿದರೆ, ಫೈರ್‌ವಾಲ್‌ಗಳು ಐಸಿಎಂಪಿ ಸಂದೇಶವನ್ನೆಲ್ಲ ತಡೆದಿರುವುದು ಅದಕ್ಕೆ ಇರುವ ಇನ್ನೊಂದು ದೊಡ್ಡ ಕಾರಣ. ಕಳಿಸಿದವರಿಗೆ ಸುದ್ದಿ ಮುಟ್ಟುವುದೇ ಇಲ್ಲ. ಟಿಸಿಪಿಗಾದರೆ ಟನಲ್ ಬಾಯಲ್ಲಿ ಎಂಎಸ್‌ಎಸ್ (ಒಂದು ಟಿಸಿಪಿ ಪ್ಯಾಕೆಟ್ ಹೊರಬಹುದಾದ ಡೇಟಾದ ಮಿತಿ) ಇಳಿಸಿ, ತುಂಡು ಮಾಡುವ ಪ್ರಸಂಗವೇ ಬರುವುದಿಲ್ಲ. ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ಸೇವೆ) ನಡೆಸುವವರು 2020ರಿಂದ ಯುಡಿಪಿ ಉತ್ತರವನ್ನು 1232 ಬೈಟ್‌ಗೆ ನಿಲ್ಲಿಸುವುದೂ ಇದಕ್ಕೇ: 1280ರಲ್ಲಿ ಐಪಿವಿ6 ಹೆಡರ್‌ಗೆ 40, ಯುಡಿಪಿಗೆ 8 ಹೋದರೆ ಉಳಿಯುವುದು ಅಷ್ಟೇ.

ಹಂತ 8: ಪರೀಕ್ಷೆ

ಎನ್‌ಸ್ಟ್ಯಾಟ್ ಎಂಬ ಕಮಾಂಡ್‌ನಲ್ಲಿ ರೀಯಾಸೆಂಬ್ಲಿ, ಅಂದರೆ ಜೋಡಣೆಯ, ಲೆಕ್ಕಗಳಿವೆ: ಎಷ್ಟು ತುಣುಕು ಬಂದವು, ಎಷ್ಟು ಪ್ಯಾಕೆಟ್ ಕೂಡಿದವು, ಎಷ್ಟು ವಿಫಲವಾದವು, ಎಷ್ಟಕ್ಕೆ ಸಮಯ ಮುಗಿಯಿತು. ನಿಮ್ಮ ಕರ್ನಲ್‌ಗೂ ಈ ನಾಲ್ಕು ಲೆಕ್ಕ ಮೊದಲ ದಿನವೇ ಹಾಕಿ. ಇವಿಲ್ಲದೆ ತೊಂದರೆ ಹುಡುಕಲು ಆಗುವುದಿಲ್ಲ.

ಕನೆಕ್ಷನ್ ಟ್ರ್ಯಾಕಿಂಗ್ ನಿಯಮ ತೆಗೆದು, ಕುಮಟಾದಿಂದ ಕಾರವಾರದ ಕಡೆಗೆ ಮಾತ್ರ ನೆಟ್‌ಎಮ್ ಎಂಬ ಲಿನಕ್ಸ್ ಸಾಧನದಿಂದ ಶೇಕಡಾ 5 ಪ್ಯಾಕೆಟ್ ಬೀಳಿಸಿ. ಐದರಲ್ಲಿ ಒಂದು ತುಣುಕು ಹೋದರೂ ಇಡೀ ಪ್ಯಾಕೆಟ್ ಹೋದಹಾಗೆ. ಲೆಕ್ಕದ ಪ್ರಕಾರ ಸುಮಾರು ಶೇಕಡಾ 23 ಪಿಂಗ್ ಉತ್ತರವಿಲ್ಲದೆ ಹೋಗಬೇಕು. 30 ಸೆಕೆಂಡ್ ಕಳೆದ ಮೇಲೆ ಜೋಡಿಸುವ ಸಮಯ ಮೀರಿತು ಎಂಬ ಸಂದೇಶ ಶಿರಸಿಗೆ ಬರಲು ಶುರುವಾಗುತ್ತದೆ.

ಆಮೇಲೆ ಸ್ಕೇಪಿಯಂಥ ಸಾಧನದಿಂದ ಕೈಯಾರೆ ತುಣುಕು ಮಾಡಿ ಕಳಿಸಿ. ಉಲ್ಟಾ ಕ್ರಮದಲ್ಲಿ ಒಮ್ಮೆ, ಕೊನೆಯದನ್ನು ಎರಡು ಸಲ ಹಾಕಿ ಒಮ್ಮೆ, 8 ಬೈಟ್ ಮೇಲೆ ಬೀಳುವ ಹಾಗೆ ಒಮ್ಮೆ, 65535 ದಾಟುವ ಹಾಗೆ ಒಮ್ಮೆ, ಮೊದಲ ತುಣುಕೇ ಇಲ್ಲದೆ ಒಮ್ಮೆ. ಕರ್ನಲ್‌ನಲ್ಲಿ ಕೆಎಸಾನ್ ಆನ್ ಇರಲಿ, ಬಿಟ್ಟ ಮೆಮೊರಿ ಮುಟ್ಟಿದರೆ ಅದು ಕೂಗಿ ಹೇಳುತ್ತದೆ. ಎಲ್ಲ ಮುಗಿಸಿ ಒಂದು ನಿಮಿಷ ಬಿಟ್ಟು, ಕಾರವಾರದಲ್ಲಿ ಪ್ರೊಕ್ ಫೋಲ್ಡರ್‌ನೊಳಗಿನ ನೆಟ್ ಫೋಲ್ಡರ್‌ನ ಸಾಕ್‌ಸ್ಟ್ಯಾಟ್ ಫೈಲ್ ತೆರೆಯಿರಿ. ಅದರಲ್ಲಿ ಫ್ರಾಗ್ ಎಂಬ ಸಾಲಿದೆ, ಬಳಕೆಯಲ್ಲಿರುವ ಕ್ಯೂ ಎಷ್ಟು, ಮೆಮೊರಿ ಎಷ್ಟು ಎಂದು ಹೇಳುತ್ತದೆ. ಎರಡೂ ಸೊನ್ನೆಗೆ ಬಂದಿರಬೇಕು. ಬಂದಿಲ್ಲವಾದರೆ ಎಲ್ಲೋ ಒಂದು ರೆಫರೆನ್ಸ್ ಬಿಟ್ಟಿಲ್ಲ, ಐದನೇ ಹಂತದ ಟೈಮರ್ ಕೋಡ್‌ನಿಂದ ಹುಡುಕಲು ಶುರು ಮಾಡಿ.